ರಕ್ತದಲ್ಲಿ ಕರುಳಿನ ಸುದ್ದಿ: ಅಮೈನೊ ಆಮ್ಲಗಳು ಎಷ್ಟು ಹೇಳಬಲ್ಲವು?

ಹೊಟ್ಟೆ ಕೆಟ್ಟರೆ ನಮ್ಮ ಕಡೆ ಮೊದಲು ಸಿಗುವ ಕಾರಣ ಉಷ್ಣ. ಮಲದಲ್ಲಿ ರಕ್ತ ಕಂಡರೆ ಎರಡನೆಯದು ಸಿದ್ಧವಾಗಿಯೇ ಇರುತ್ತದೆ: ಮೂಲವ್ಯಾಧಿ. ಮಜ್ಜಿಗೆ, ಮೆಂತ್ಯ, ದಾಳಿಂಬೆ ಸಿಪ್ಪೆಯ ಕಷಾಯ ಎಲ್ಲ ಆಗುತ್ತದೆ. ಮೆಡಿಕಲ್ ಶಾಪಿನವರು ಆಮಶಂಕೆಯ ಮಾತ್ರೆ ಕೊಡುತ್ತಾರೆ. ನಾಲ್ಕು ದಿನ ನಿಂತಂತಾಗಿ ಮತ್ತೆ ಶುರು. ಹೀಗೆ ತಿಂಗಳುಗಳು ಕಳೆದು, ಮೈ ಇಳಿದು, ಕೊನೆಗೆ ಜೀರ್ಣಾಂಗ ತಜ್ಞರ ಬಳಿ ಹೋದವರಲ್ಲಿ ಕೆಲವರಿಗೆ ಗೊತ್ತಾಗುವುದು, ತಮಗಿರುವುದು ಉಷ್ಣವೂ ಅಲ್ಲ, ಮೂಲವ್ಯಾಧಿಯೂ ಅಲ್ಲ, ಐಬಿಡಿ ಎಂಬ ಕರುಳಿನ ದೀರ್ಘಕಾಲದ ಉರಿಯೂತ ಎಂದು.

ಐಬಿಡಿ ಎಂದರೆ ಒಂದೇ ಕಾಯಿಲೆಯಲ್ಲ. ಮುಖ್ಯವಾಗಿ ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ. ಗುದದ್ವಾರದ ಹತ್ತಿರ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ, ಒಳಪದರವನ್ನಷ್ಟೇ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆಗೆ ಅಂಥ ಶಿಸ್ತಿಲ್ಲ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಅಲ್ಲೊಂದು ಇಲ್ಲೊಂದು ಕಡೆ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಹುದು. ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ 1932ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಬರೆದ ಪ್ರಬಂಧದಿಂದ ಅದಕ್ಕೆ ಆ ಹೆಸರು ಬಂತು. ಬಹುಕಾಲ ಇವೆರಡನ್ನೂ ಬಿಳಿಯರ ಕಾಯಿಲೆ ಎಂದೇ ನಂಬಲಾಗಿತ್ತು. ಪಂಜಾಬಿನ ಲೂಧಿಯಾನದ ವೈದ್ಯರು ಮನೆಮನೆ ಸಮೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದ ಲೆಕ್ಕ ಆ ನಂಬಿಕೆಯನ್ನು ಅಲುಗಾಡಿಸಿತು: ಲಕ್ಷಕ್ಕೆ ಸುಮಾರು 44 ಜನರಲ್ಲಿ ಅಲ್ಸರೇಟಿವ್ ಕೊಲೈಟಿಸ್. ಇದರ ಜೊತೆಗೆ ಐಬಿಎಸ್ ಎಂಬ, ಕೇಳಲು ಒಂದೇ ರೀತಿಯ ಹೆಸರಿನ ತೊಂದರೆಯೂ ಇದೆ. ಅದರಲ್ಲಿ ಹೊಟ್ಟೆನೋವು, ಭೇದಿ ಎಲ್ಲ ಇದ್ದರೂ ಕರುಳಿನಲ್ಲಿ ಉರಿಯೂತ ಇರುವುದಿಲ್ಲ. ಐಬಿಡಿ, ಐಬಿಎಸ್ ಎರಡನ್ನು ಬೇರೆ ಮಾಡುವುದೇ ವೈದ್ಯರ ದಿನನಿತ್ಯದ ಅರ್ಧ ಕೆಲಸ.

ಬೇರೆ ಮಾಡಲು ಕೊನೆಗೆ ಕರುಳಿನ ಒಳಗೇ ನೋಡಬೇಕು. ಕೊಲೊನೋಸ್ಕೋಪಿ ಮಾಡಿಸಿಕೊಂಡವರನ್ನು ಕೇಳಿ, ಪರೀಕ್ಷೆಗಿಂತ ಹಿಂದಿನ ರಾತ್ರಿಯ ಕಥೆಯನ್ನೇ ಹೆಚ್ಚು ಹೇಳುತ್ತಾರೆ. ಲೀಟರುಗಟ್ಟಲೆ ನೀರಿನಲ್ಲಿ ಕಲಸಿದ, ಉಪ್ಪುಪ್ಪು ರುಚಿಯ ಆ ಔಷಧಿಯನ್ನು ಲೋಟ ಲೋಟವಾಗಿ ಕುಡಿಯಬೇಕು. ಆಮೇಲೆ ಬಚ್ಚಲಿಗೂ ಹಾಸಿಗೆಗೂ ಓಡಾಟ. ಮೊದಲೇ ಹತ್ತಾರು ಸಲ ಭೇದಿಯಾಗಿ ಸುಸ್ತಾದವನಿಗೆ ಅದು ಶಿಕ್ಷೆಯೇ ಸರಿ. ಮಕ್ಕಳಿಗಾದರೆ ಪರೀಕ್ಷೆಯ ಹೊತ್ತಿಗೆ ಅರಿವಳಿಕೆಯೂ ಬೇಕು. ಹಾಗಾಗಿ ತೋಳಿನಿಂದ ಒಂದಿಷ್ಟು ರಕ್ತ ತೆಗೆದು, ಅದರಲ್ಲಿರುವ ಅಮೈನೊ ಆಮ್ಲಗಳನ್ನು ಅಳೆದು ಐಬಿಡಿ ಪತ್ತೆ ಮಾಡಬಹುದು ಎಂಬ ಸುದ್ದಿ ಬಂದಾಗ ರೋಗಿಗಳ ಕಿವಿ ನೆಟ್ಟಗಾಗುವುದು ಸಹಜ. ಆ ಸುದ್ದಿಯ ಹಿಂದೆ ಗಟ್ಟಿಯಾದ ವಿಜ್ಞಾನವೇ ಇದೆ. ಆದರೆ ಅದು ಉತ್ತರಿಸಿದ ಪ್ರಶ್ನೆ ಒಂದು, ನಮ್ಮ ಆಸ್ಪತ್ರೆಗಳಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದು.

ಮೊದಲು ವಿಜ್ಞಾನ ನೋಡೋಣ. ನಾವು ತಿನ್ನುವ ಬೇಳೆ, ಮೊಟ್ಟೆ, ಹಾಲಿನ ಪ್ರೋಟೀನು ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಜಠರ ಮತ್ತು ಕರುಳಿನಲ್ಲಿ ಒಡೆದು ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಾಗಿ, ಸಣ್ಣ ಕರುಳಿನ ಗೋಡೆಯ ಮೂಲಕ ಹೀರಿಕೆಯಾಗುತ್ತದೆ. ಹೀಗೆ ದಾಟಿಸುವ ಆ ಗೋಡೆ ತನ್ನ ಪಾಲನ್ನೂ ತೆಗೆದುಕೊಳ್ಳುತ್ತದೆ. ಸಣ್ಣ ಕರುಳಿನ ಜೀವಕೋಶಗಳಿಗೆ ಮುಖ್ಯ ಇಂಧನ ಸಕ್ಕರೆಯಲ್ಲ, ಗ್ಲುಟಮಿನ್ ಎಂಬ ಅಮೈನೊ ಆಮ್ಲ. ಕರುಳು ಕೆಟ್ಟಾಗ ಈ ವ್ಯವಹಾರವೆಲ್ಲ ಏರುಪೇರಾಗುತ್ತದೆ, ಅದರ ಗುರುತು ರಕ್ತದಲ್ಲಿ ಉಳಿಯುತ್ತದೆ. ಅಮೈನೊ ಆಮ್ಲಗಳನ್ನು ಅಳೆಯುವವರು ಹುಡುಕುವುದು ಈ ಗುರುತನ್ನು.

ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಹೆಸರು ಟ್ರಿಪ್ಟೊಫ್ಯಾನ್. ಮನಸ್ಸಿನ ಲಹರಿಗೆ ಸಂಬಂಧಿಸಿದ ಸೆರೊಟೋನಿನ್ ಇದರಿಂದಲೇ ತಯಾರಾಗುತ್ತದೆ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ನಿಜ, ಆದರೆ ಆ ದಾರಿಗೆ ಹೋಗುವ ಪಾಲು ಅತಿ ಸಣ್ಣದು. ಬಹುಪಾಲು ಟ್ರಿಪ್ಟೊಫ್ಯಾನ್ ಕೈನುರೆನಿನ್ ಎಂಬ ಇನ್ನೊಂದು ದಾರಿ ಹಿಡಿಯುತ್ತದೆ. ದೇಹದಲ್ಲಿ ಎಲ್ಲಾದರೂ ಉರಿಯೂತ ಎದ್ದರೆ ರೋಗನಿರೋಧಕ ಕೋಶಗಳು ಇಂಟರ್‌ಫೆರಾನ್ ಗ್ಯಾಮಾ ಎಂಬ ಸಂದೇಶ ಕಳಿಸುತ್ತವೆ. ಅದರಿಂದ ಐಡಿಒ ಎಂಬ ಕಿಣ್ವ ಎಚ್ಚೆತ್ತು ಟ್ರಿಪ್ಟೊಫ್ಯಾನನ್ನು ಆ ದಾರಿಗೆ ಇನ್ನೂ ಜೋರಾಗಿ ತಳ್ಳುತ್ತದೆ. ರಕ್ತದಲ್ಲಿ ಟ್ರಿಪ್ಟೊಫ್ಯಾನ್ ಕುಸಿಯುತ್ತದೆ. ಜರ್ಮನಿಯ ಕೀಲ್ ನಗರದ ಸಂಶೋಧಕರು ಐನೂರಕ್ಕೂ ಹೆಚ್ಚು ಐಬಿಡಿ ರೋಗಿಗಳ ರಕ್ತ ಪರೀಕ್ಷಿಸಿ 2017ರಲ್ಲಿ ಇದನ್ನೇ ತೋರಿಸಿದರು. ಕಾಯಿಲೆ ಕೆರಳಿದಷ್ಟೂ ಟ್ರಿಪ್ಟೊಫ್ಯಾನ್ ಕಡಿಮೆ. ಕ್ರೋನ್ಸ್ ರೋಗಿಗಳಲ್ಲಿ ಇಳಿಕೆ ಇನ್ನೂ ಸ್ಪಷ್ಟ.

ಇನ್ನೊಂದು ಹೆಸರು ಹಿಸ್ಟಿಡಿನ್. ಅದೂ ಐಬಿಡಿ ರೋಗಿಗಳ ರಕ್ತದಲ್ಲಿ ಇಳಿಯುತ್ತದೆ.

ಈಗ ವಿಚಿತ್ರ ನೋಡಿ. ರಕ್ತದಲ್ಲಿ ಇಳಿದ ಅದೇ ಅಮೈನೊ ಆಮ್ಲಗಳು ಮಲದಲ್ಲಿ ಏರಿರುತ್ತವೆ. ನೆದರ್ಲೆಂಡ್ಸ್‌ನ ವೈದ್ಯರು, ಇನ್ನೂ ಔಷಧಿಯನ್ನೇ ಆರಂಭಿಸದ ಐಬಿಡಿ ಮಕ್ಕಳ ಮಲವನ್ನು ಆರೋಗ್ಯವಂತ ಮಕ್ಕಳ ಮಲದೊಂದಿಗೆ ಹೋಲಿಸಿದಾಗ ಹಲವು ಅಮೈನೊ ಆಮ್ಲಗಳು ರೋಗಿಗಳಲ್ಲೇ ಹೆಚ್ಚಿದ್ದವು. ಒಂದು ಕಡೆ ಹೀರಿಕೆ ಕೆಟ್ಟಿರುತ್ತದೆ. ಇನ್ನೊಂದು ಕಡೆ, ಹುಣ್ಣಾದ ಗೋಡೆಯಿಂದ ಪ್ರೋಟೀನು ಸೋರುತ್ತದೆ, ಸತ್ತ ಜೀವಕೋಶಗಳು ಉದುರುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳ ಸಮುದಾಯವೂ ಬದಲಾಗಿರುವುದರಿಂದ ಅಲ್ಲಿ ಒಡೆಯುವುದು, ಬಳಸುವುದು ಮೊದಲಿನಂತಿರುವುದಿಲ್ಲ. ರಕ್ತದ ಅಂಕಿಯನ್ನು ಮಾತ್ರ ನೋಡಿ ‘ಪ್ರೋಟೀನ್ ಸಾಲದು, ಇನ್ನಷ್ಟು ತಿನ್ನಿ’ ಎಂದುಬಿಡುವವರು ಈ ಎರಡನೆಯ ಅರ್ಧವನ್ನು ಮರೆತಿರುತ್ತಾರೆ.

ಟ್ರಿಪ್ಟೊಫ್ಯಾನ್ ಇಳಿಯುವುದು ಕಾಯಿಲೆಯ ಫಲ ಮಾತ್ರವೋ, ಅದೇ ಕಾಯಿಲೆಯನ್ನು ಇನ್ನಷ್ಟು ಕೆರಳಿಸುವುದೋ? 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಇಲಿಗಳ ಅಧ್ಯಯನ ಎರಡನೆಯದಕ್ಕೂ ಬಾಗಿಲು ತೆರೆಯಿತು. ಏಸ್-2 ಎಂಬ ಪ್ರೋಟೀನು ಇಲ್ಲದಂತೆ ಮಾಡಿದ ಇಲಿಗಳಲ್ಲಿ ಟ್ರಿಪ್ಟೊಫ್ಯಾನ್ ಸರಿಯಾಗಿ ಹೀರಿಕೆಯಾಗಲಿಲ್ಲ. ರಾಸಾಯನಿಕದಿಂದ ಕರುಳನ್ನು ಕೆಣಕಿದಾಗ ಅವುಗಳಿಗೆ ಉಳಿದ ಇಲಿಗಳಿಗಿಂತ ತೀವ್ರವಾದ ಉರಿಯೂತ ಬಂತು. ಟ್ರಿಪ್ಟೊಫ್ಯಾನ್ ಪೂರೈಸಿದಾಗ, ಅಥವಾ ಅದರಿಂದ ದೇಹ ತಯಾರಿಸುವ ನಿಕೋಟಿನಮೈಡ್ ವಿಟಮಿನ್ ಕೊಟ್ಟಾಗ, ಶಮನವಾಯಿತು. ಎಂಟು ವರ್ಷಗಳ ನಂತರ ಕೊರೋನಾ ವೈರಾಣು ಜೀವಕೋಶದೊಳಕ್ಕೆ ನುಗ್ಗಲು ಹಿಡಿಯುವ ಕೊಂಡಿ ಎಂದು ಮನೆಮಾತಾದ ಏಸ್-2 ಇದೇ.

ಟ್ರಿಪ್ಟೊಫ್ಯಾನ್, ವಿಟಮಿನ್, ಭೇದಿ ಎಂಬ ಈ ಸರಪಳಿ ದಖ್ಖನ್ ಪ್ರಸ್ಥಭೂಮಿಯವರಾದ ನಮಗೆ ಹೊಸದೇನಲ್ಲ. ಪೆಲಾಗ್ರ ಎಂಬ ಕಾಯಿಲೆಯಲ್ಲಿ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಬುದ್ಧಿ ಮಂಕಾಗುತ್ತದೆ. ಜಗತ್ತಿನಲ್ಲಿ ಅದು ಮೆಕ್ಕೆಜೋಳ ತಿನ್ನುವವರ ಕಾಯಿಲೆ ಎಂದು ಹೆಸರಾಗಿತ್ತು. ಹೈದರಾಬಾದಿನ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿದ್ದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಜೋಳದ ರೊಟ್ಟಿಯನ್ನೇ ನಂಬಿದ ಬಡವರಲ್ಲೂ ಕಂಡರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವು, ಟ್ರಿಪ್ಟೊಫ್ಯಾನಿನಿಂದ ನಿಯಾಸಿನ್ ವಿಟಮಿನ್ ತಯಾರಾಗುವುದಕ್ಕೆ ಅಡ್ಡಿಮಾಡುತ್ತದೆ ಎಂದು 1960ರಲ್ಲಿ ವಾದಿಸಿದರು. ಮುಂದೆ ಆ ವಾದಕ್ಕೆ ಆಕ್ಷೇಪಗಳೂ ಬಂದವು. ಏನೇ ಇರಲಿ, ಬೇಳೆ, ಸೊಪ್ಪು, ಹಾಲು ಜೊತೆಗಿರುವ ಜೋಳದ ಊಟಕ್ಕೆ ಹೆದರಬೇಕಿಲ್ಲ. ಅವರು ಕಂಡ ಕಾಯಿಲೆ, ಜೋಳ ಬಿಟ್ಟರೆ ತಟ್ಟೆಯಲ್ಲಿ ಬೇರೇನೂ ಇಲ್ಲದವರದು. ಅಮೈನೊ ಆಮ್ಲಗಳ ಏರುಪೇರು ಕರುಳಿನವರೆಗೂ ತಲುಪುತ್ತದೆ ಎಂಬುದನ್ನು ಐಬಿಡಿ ಸಂಶೋಧಕರಿಗಿಂತ ಅರ್ಧ ಶತಮಾನ ಮೊದಲೇ ಈ ನೆಲದಲ್ಲಿ ಯೋಚಿಸಿದವರಿದ್ದರು ಎಂದು ತೋರಿಸಲು ಇಷ್ಟು ಹೇಳಿದೆ.

ಮತ್ತೆ ಪತ್ತೆಪರೀಕ್ಷೆಗೆ ಬರೋಣ. ಈ ದಾರಿಯಲ್ಲಿ ಹೆಚ್ಚು ದೂರ ಹೋದವರು ಜಪಾನೀಯರು. ಟೋಕಿಯೊದ ಕೇಯೋ ವಿಶ್ವವಿದ್ಯಾಲಯದ ವೈದ್ಯರು, ಅಜಿನೊಮೊಟೊ ಕಂಪನಿಯ ವಿಜ್ಞಾನಿಗಳ ಜೊತೆ ಸೇರಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೌದು, ಗೋಬಿ ಮಂಚೂರಿ ಗಾಡಿಯ ಅದೇ ಅಜಿನೊಮೊಟೊ. ಆ ಬಿಳಿ ಹರಳು ಗ್ಲುಟಾಮಿಕ್ ಆಮ್ಲ ಎಂಬ ಅಮೈನೊ ಆಮ್ಲದ ಲವಣ. ನೂರು ವರ್ಷಕ್ಕೂ ಮಿಗಿಲಾಗಿ ಅಮೈನೊ ಆಮ್ಲಗಳೇ ಆ ಕಂಪನಿಯ ಕಸುಬು. ಅವರು 387 ಐಬಿಡಿ ರೋಗಿಗಳ ಮತ್ತು 210 ಆರೋಗ್ಯವಂತರ ರಕ್ತವನ್ನು ಬರಿಹೊಟ್ಟೆಯಲ್ಲಿ ತೆಗೆದು ಅಳೆದರು. ಯಾವ ಒಂದು ಅಮೈನೊ ಆಮ್ಲವೂ ಒಂಟಿಯಾಗಿ ಸಾಕಾಗುವಷ್ಟು ಬದಲಾಗುವುದಿಲ್ಲವಾದ್ದರಿಂದ, ಹಲವನ್ನು ಗಣಿತಸೂತ್ರದಲ್ಲಿ ಕೂಡಿಸಿ ಒಂದು ಸೂಚ್ಯಂಕ ಮಾಡಿದರು. ಕ್ರೋನ್ಸ್ ರೋಗಿಗಳನ್ನು ಆರೋಗ್ಯವಂತರಿಂದ ಬೇರ್ಪಡಿಸುವಲ್ಲಿ ಅದಕ್ಕೆ ಸಿಕ್ಕ ಅಂಕ 0.94, ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ 0.89.

ಈ 0.94 ಅನ್ನು ಶೇಕಡಾ 94 ನಿಖರತೆ ಎಂದು ಓದುವವರೇ ಹೆಚ್ಚು. ಅದು ಹಾಗಲ್ಲ. ಒಬ್ಬ ರೋಗಿ, ಒಬ್ಬ ಆರೋಗ್ಯವಂತ, ಇಬ್ಬರನ್ನೂ ಎದುರು ಕೂರಿಸಿದರೆ ಯಾರ ಸೂಚ್ಯಂಕ ಹೆಚ್ಚೆಂದು ನೋಡಿ ರೋಗಿಯನ್ನು ಗುರುತಿಸುವ ಆಟದಲ್ಲಿ ನೂರಕ್ಕೆ 94 ಸಲ ಸರಿಯಾಗುತ್ತದೆ, ಅಷ್ಟು. ಆಸ್ಪತ್ರೆಯಲ್ಲಿ ಹಾಗೆ ಜೋಡಿ ಕೂರಿಸುವವರು ಯಾರೂ ಇಲ್ಲ. ಒಬ್ಬ ಬರುತ್ತಾನೆ, ಅವನ ಅಂಕಿಯೊಂದೇ ಎದುರಿಗಿರುತ್ತದೆ.

ಒಂದು ಲೆಕ್ಕ ಹಾಕೋಣ. ರೋಗಿಗಳಲ್ಲಿ ಶೇಕಡಾ 90 ಜನರನ್ನು ಹಿಡಿಯುವ, ರೋಗವಿಲ್ಲದವರಲ್ಲಿ ಶೇಕಡಾ 90 ಜನರನ್ನು ಸರಿಯಾಗಿ ಬಿಟ್ಟುಕೊಡುವ ಒಂದು ರಕ್ತಪರೀಕ್ಷೆ ಇದೆ ಎನ್ನಿ. ಒಳ್ಳೆಯ ಪರೀಕ್ಷೆಯೇ. ಅದನ್ನು ಒಂದು ಊರಿನ ಲಕ್ಷ ಜನರಿಗೆ ಮಾಡಿಸಿದೆವು. ಲೂಧಿಯಾನದ ಅಂದಾಜಿನಂತೆ ಅವರಲ್ಲಿ 44 ಮಂದಿಗೆ ಕಾಯಿಲೆ ಇದೆ. ಪರೀಕ್ಷೆ ಸುಮಾರು 40 ಜನರನ್ನು ಹಿಡಿಯುತ್ತದೆ. ಉಳಿದ 99,956 ಆರೋಗ್ಯವಂತರಲ್ಲಿ ಹತ್ತರಲ್ಲೊಬ್ಬರಿಗೆ, ಅಂದರೆ ಹತ್ತಿರಹತ್ತಿರ ಹತ್ತು ಸಾವಿರ ಜನರಿಗೆ ‘ಪಾಸಿಟಿವ್’ ಚೀಟಿ ಸಿಗುತ್ತದೆ. ಚೀಟಿ ಹಿಡಿದು ಬಂದ ಇನ್ನೂರೈವತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಮಿಕ್ಕವರೆಲ್ಲ ಆ ಉಪ್ಪುಪ್ಪು ನೀರು ಕುಡಿದು ರಾತ್ರಿಯಿಡೀ ಎದ್ದಿರಬೇಕು. ಕಾಯಿಲೆ ಅಪರೂಪವಾದಷ್ಟೂ ಹೀಗಾಗುತ್ತದೆ. ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಸೇರಿಸುವಂಥ ಪರೀಕ್ಷೆ ಇದಲ್ಲ ಎನ್ನುವುದಕ್ಕೆ ಈ ಲೆಕ್ಕ ಸಾಕು.

ಹಾಗಾದರೆ ಅಮೈನೊ ಆಮ್ಲ ಅಳೆದು ಕಾಯಿಲೆ ಹಿಡಿಯುವುದೇ ಆಗದ ಮಾತೇ? ಖಂಡಿತ ಅಲ್ಲ, ಅದನ್ನು ಕರ್ನಾಟಕದಲ್ಲೇ ಮಾಡಿ ತೋರಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರಾಜ್ಯದ ಸುಮಾರು ಲಕ್ಷ ನವಜಾತ ಶಿಶುಗಳ ರಕ್ತದಲ್ಲಿ ಅಮೈನೊ ಆಮ್ಲಗಳ ಏರುಪೇರನ್ನು ಹುಡುಕಿದರು. ದೇಶದಲ್ಲಿ ಆ ಬಗೆಯ ಮೊದಮೊದಲ ದೊಡ್ಡ ಕೆಲಸಗಳಲ್ಲಿ ಅದೊಂದು. ಫಿನೈಲ್‌ಕೀಟೋನ್ಯೂರಿಯದಂಥ ಹುಟ್ಟುಕಾಯಿಲೆಯಲ್ಲಿ ಒಂದು ಜೀನ್ ಕೆಟ್ಟಿರುತ್ತದೆ, ಒಂದು ಕಿಣ್ವ ನಿಂತಿರುತ್ತದೆ, ಅದು ಕರಗಿಸಬೇಕಿದ್ದ ಒಂದು ಅಮೈನೊ ಆಮ್ಲ ಮಾಮೂಲಿಗಿಂತ ಹತ್ತಿಪ್ಪತ್ತು ಪಟ್ಟು ಏರಿರುತ್ತದೆ. ಕಾರಣಕ್ಕೂ ಅಂಕಿಗೂ ನೇರ ಸಂಬಂಧ. ಐಬಿಡಿಯಲ್ಲಿ ಹತ್ತಾರು ಅಮೈನೊ ಆಮ್ಲಗಳು ಸ್ವಲ್ಪ ಸ್ವಲ್ಪವೇ ಸರಿಯುತ್ತವೆ, ಆರೋಗ್ಯವಂತರ ಅಂಕಿಗಳ ಜೊತೆ ಬೆರೆತೇ ಇರುತ್ತವೆ. ಸಂಧಿವಾತದ ರೋಗಿಗಳಲ್ಲೂ ಹಿಸ್ಟಿಡಿನ್ ಕಡಿಮೆ ಇರುವುದು 1970ರ ದಶಕದಿಂದಲೇ ಗೊತ್ತು. ಸರಿಯಾಗಿ ಊಟ ಸೇರದೆ ಸೊರಗಿದವರಲ್ಲೂ ಅಮೈನೊ ಆಮ್ಲಗಳ ಲೆಕ್ಕ ತಪ್ಪುತ್ತದೆ. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು, ಉರಿಯುತ್ತಿರುವುದು ಬಣವೆಯೋ ಮನೆಯೋ ಹೇಳಲಾಗದು.

ನಮ್ಮ ದೇಶದಲ್ಲಂತೂ ಈ ಕೊನೆಯ ಮಾತು ಪ್ರಾಣದ ಪ್ರಶ್ನೆ. ಇಲ್ಲಿ ಕ್ರೋನ್ಸ್‌ಗೆ ಅವಳಿಯಂಥ ಇನ್ನೊಂದು ಕಾಯಿಲೆ ಇದೆ: ಕರುಳಿನ ಕ್ಷಯ. ಎರಡರಲ್ಲೂ ಜ್ವರ, ತೂಕ ಇಳಿಕೆ, ಹೊಟ್ಟೆನೋವು. ಎರಡೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಬಯಾಪ್ಸಿಯ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಎರಡರಲ್ಲೂ ಗ್ರಾನುಲೋಮ ಎಂಬ ಗಂಟುಗಳು ಕಾಣಬಹುದು. ಕ್ಷಯದ ಬ್ಯಾಕ್ಟೀರಿಯಾ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವುದೂ ಮಾಮೂಲು. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ: ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಚುಚ್ಚುಮದ್ದುಗಳು ಕ್ಷಯದ ರೋಗಿಗೆ ಸಿಕ್ಕರೆ ಕ್ಷಯ ಮೈತುಂಬ ಹರಡಬಹುದು. ಆದ್ದರಿಂದ ಅನುಮಾನ ಬಗೆಹರಿಯದಿದ್ದರೆ ವೈದ್ಯರು ಮೊದಲು ಕ್ಷಯದ ಮಾತ್ರೆಗಳನ್ನೇ ಶುರುಮಾಡಿ, ಎರಡು ಮೂರು ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ನೋಡುತ್ತಾರೆ. ಮಾಗದಿದ್ದರೆ ಕ್ರೋನ್ಸ್ ಇರಬಹುದು. ಅಷ್ಟರಲ್ಲಿ ನಿಜವಾದ ಕ್ರೋನ್ಸ್ ರೋಗಿಯ ಕರುಳು ಕಿರಿದಾಗುತ್ತ ಹೋಗಿರುತ್ತದೆ.

ಇಲ್ಲಿ ಟ್ರಿಪ್ಟೊಫ್ಯಾನ್ ನೆರವಿಗೆ ಬರುತ್ತದೆಯೇ? ಕ್ಷಯದಲ್ಲೂ ಇಂಟರ್‌ಫೆರಾನ್ ಗ್ಯಾಮಾ ಏರುತ್ತದೆ, ಐಡಿಒ ಕಿಣ್ವ ಎಚ್ಚೆತ್ತುಕೊಳ್ಳುತ್ತದೆ, ಟ್ರಿಪ್ಟೊಫ್ಯಾನ್ ಕುಸಿಯುತ್ತದೆ. ಶ್ವಾಸಕೋಶದ ಕ್ಷಯವಿರುವವರಲ್ಲಿ ಇದನ್ನು ಅಳೆದು ನೋಡಿದ್ದಾರೆ. ಟೋಕಿಯೊದಲ್ಲಿ ಆರೋಗ್ಯವಂತರ ಎದುರು 0.94 ಪಡೆದ ಸೂಚ್ಯಂಕ ಕಲಬುರಗಿಯಲ್ಲಿ ಕ್ಷಯದ ರೋಗಿಯ ಎದುರು ಎಷ್ಟು ಪಡೆದೀತು ಎಂಬುದೇ ಬೇರೆ ಪ್ರಶ್ನೆ. ಆರೋಗ್ಯವಂತರು ಜೀರ್ಣಾಂಗ ತಜ್ಞರ ಬಾಗಿಲಲ್ಲಿ ಟೋಕನ್ ಹಿಡಿದು ಕೂರುವುದಿಲ್ಲ. ಅಲ್ಲಿ ಕೂತವರೆಲ್ಲರಿಗೂ ಏನೋ ಒಂದು ಇದ್ದೇ ಇದೆ, ಐಬಿಎಸ್ಸೋ ಆಮಶಂಕೆಯೋ ಕ್ಷಯವೋ ಕ್ರೋನ್ಸೋ. ಅವರನ್ನು ಒಬ್ಬರಿಂದ ಒಬ್ಬರನ್ನು ಬೇರ್ಪಡಿಸುವ ಅಧ್ಯಯನಕ್ಕೆ ಬೇಕಾದಷ್ಟು ರೋಗಿಗಳು ಜಪಾನಿನಲ್ಲಾಗಲಿ ಜರ್ಮನಿಯಲ್ಲಾಗಲಿ ಸಿಗುವುದಿಲ್ಲ. ನಮ್ಮ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇದ್ದಾರೆ. ಕ್ಷಯದ ಮಾತ್ರೆ ಶುರುಮಾಡುವ ಮೊದಲು ಒಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ರಕ್ತ ತೆಗೆದಿಟ್ಟು, ಮುಂದೆ ಕೊಲೊನೋಸ್ಕೋಪಿಯ ತೀರ್ಪಿನೊಂದಿಗೆ ತಾಳೆ ನೋಡಿದರೆ ಈ ವಿಜ್ಞಾನ ನಮಗೆ ಎಷ್ಟು ಉಪಯೋಗ ಎಂದು ಗೊತ್ತಾಗುತ್ತದೆ.

ಆದರೆ ರಕ್ತ ತೆಗೆದಿಡುವುದೂ ಸುಲಭವಲ್ಲ. ರಾತ್ರಿ ಊಟದ ನಂತರ ಬರಿಹೊಟ್ಟೆ, ಬೆಳಿಗ್ಗೆ ರಕ್ತ, ತಕ್ಷಣ ಐಸ್ ಮೇಲೆ, ಬೇಗ ಯಂತ್ರದಲ್ಲಿ ತಿರುಗಿಸಿ ಕೆಂಪುಕಣ ಬೇರ್ಪಡಿಸಿ ಶೀತಲೀಕರಣ. ತಡವಾದರೆ ಕೆಂಪುಕಣದಲ್ಲಿರುವ ಆರ್ಜಿನೇಸ್ ಎಂಬ ಕಿಣ್ವ ಆರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ಟ್ಯೂಬಿನಲ್ಲೇ ಒಡೆದುಹಾಕುತ್ತದೆ. ತಾಲ್ಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ, ಸಂಜೆಯ ಗಾಡಿಗೆ ಬೆಂಗಳೂರಿಗೆ ಹೊರಟು, ಮಾರನೆ ದಿನ ಯಂತ್ರ ಸೇರುವ ನಮ್ಮ ವ್ಯವಸ್ಥೆಯಲ್ಲಿ ಬಂದ ಅಂಕಿ ಕರುಳಿನದೋ ಪ್ರಯಾಣದ್ದೋ ಹೇಳುವುದು ಕಷ್ಟ. ಇದಕ್ಕೆ ಹೋಲಿಸಿದರೆ ಈಗಾಗಲೇ ಬಳಕೆಯಲ್ಲಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆ ಗಟ್ಟಿಗ. ಬಿಳಿರಕ್ತಕಣಗಳು ಕರುಳಿನೊಳಕ್ಕೆ ನುಗ್ಗಿದಾಗ ಬಿಡುವ ಪ್ರೋಟೀನು ಅದು. ಕೋಣೆಯ ಉಷ್ಣಾಂಶದಲ್ಲೂ ಒಂದೆರಡು ದಿನ ಕೆಡದೆ ಉಳಿಯುತ್ತದೆ. ಗ್ರಾಮಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಐಬಿಡಿ ಇರುವ ಸಾಧ್ಯತೆ ತೀರ ಕಮ್ಮಿ. ಅದಕ್ಕೂ ಮಿತಿಗಳಿವೆ. ಸೋಂಕಿನ ಭೇದಿಯಲ್ಲೂ, ನೋವಿನ ಮಾತ್ರೆಗಳನ್ನು ಬಿಡದೆ ನುಂಗುವವರಲ್ಲೂ ಅದು ಏರುತ್ತದೆ. ಆದರೂ ಯಾರಿಗೆ ಕೊಲೊನೋಸ್ಕೋಪಿ ಬೇಕು, ಯಾರಿಗೆ ಬೇಡ ಎಂದು ಮೊದಲ ಜರಡಿ ಹಿಡಿಯಲು ಇಂದು ಕೈಯಲ್ಲಿರುವುದು ಇದೇ.

ಅಮೈನೊ ಆಮ್ಲಗಳಿಗೆ ನನಗೆ ಹೆಚ್ಚು ಭರವಸೆ ಕಾಣುವುದು ಕಾಯಿಲೆಯ ಪತ್ತೆಯಲ್ಲಲ್ಲ, ಪತ್ತೆಯಾದ ಮೇಲಿನ ನಿಗಾದಲ್ಲಿ. ಕೇಯೋದ ಅದೇ ತಂಡ, ಕಾಯಿಲೆ ಶಾಂತವಾಗಿದ್ದ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ 2015ರಲ್ಲಿ ಹೇಳಿದ್ದು: ಹಿಸ್ಟಿಡಿನ್ ಅತಿ ಕಡಿಮೆ ಇದ್ದವರಲ್ಲಿ ಕಾಯಿಲೆ ಮರುಕಳಿಸುವ ಅಪಾಯ, ಹೆಚ್ಚಿದ್ದವರಿಗಿಂತ ಎರಡು ಪಟ್ಟಿಗೂ ಮಿಗಿಲು. ಇಲ್ಲಿ ಹೋಲಿಕೆ ಒಬ್ಬ ರೋಗಿಯ ಜೊತೆ ಇನ್ನೊಬ್ಬ ರೋಗಿಯದು. ಕ್ಷಯವೋ ಕ್ರೋನ್ಸೋ ಎಂಬ ಗೊಂದಲ ಆಗಲೇ ತೀರಿರುತ್ತದೆ. ಸಿಟ್ರುಲಿನ್ ಇನ್ನೊಂದು ಉದಾಹರಣೆ. ಕಲ್ಲಂಗಡಿಯಲ್ಲಿ ಮೊದಲು ಸಿಕ್ಕ ಈ ಅಮೈನೊ ಆಮ್ಲ ನಮ್ಮ ಪ್ರೋಟೀನುಗಳಲ್ಲಿ ಸೇರುವುದಿಲ್ಲ. ರಕ್ತದಲ್ಲಿರುವ ಸಿಟ್ರುಲಿನ್ನಿನ ಬಹುಪಾಲು ಸಣ್ಣ ಕರುಳಿನ ಕೋಶಗಳೇ ತಯಾರಿಸಿದ್ದು. ಕ್ರೋನ್ಸ್‌ನಿಂದ ಕರುಳಿನ ಉದ್ದುದ್ದ ತುಂಡುಗಳನ್ನು ಕತ್ತರಿಸಿ ತೆಗೆಸಿಕೊಂಡವರಲ್ಲಿ ಕೆಲಸ ಮಾಡುವ ಕರುಳು ಎಷ್ಟು ಉಳಿದಿದೆ ಎಂದು ಅಂದಾಜಿಸಲು ವೈದ್ಯರು ಇದನ್ನು ನೋಡುತ್ತಾರೆ. ಲೀಟರಿಗೆ 20 ಮೈಕ್ರೋಮೋಲ್‌ಗಿಂತ ಕೆಳಗಿಳಿದರೆ ಬಾಯಲ್ಲಿ ತಿಂದದ್ದರಿಂದಲೇ ಬದುಕುವುದು ಕಷ್ಟ, ರಕ್ತನಾಳದ ಮೂಲಕ ಪೋಷಣೆ ಬೇಕಾಗಬಹುದು ಎಂಬ ಅಳತೆಗೋಲು ಫ್ರಾನ್ಸಿನ ಅಧ್ಯಯನಗಳಿಂದ ಬಂದದ್ದು. ಉರಿಯೂತ ಇದೆಯೇ ಇಲ್ಲವೇ ಎಂದು ಹೇಳುವ ಕೆಲಸ ಅದರದಲ್ಲ.

ಕೊನೆಗೆ, ಇಂಥ ಲೇಖನ ಓದಿದವರು ಕೇಳುವ ಪ್ರಶ್ನೆ: ಟ್ರಿಪ್ಟೊಫ್ಯಾನ್, ಹಿಸ್ಟಿಡಿನ್ ಕಡಿಮೆಯಾದರೆ ಅವನ್ನೇ ಮಾತ್ರೆಯಾಗಿ ನುಂಗಬಾರದೇ? ಜಿಮ್ ಅಂಗಡಿಯ ಡಬ್ಬಿಗಳಲ್ಲಿ, ಆನ್‌ಲೈನಿನಲ್ಲಿ ಎಲ್ಲವೂ ಸಿಗುತ್ತದೆ. ಇಲಿಗೆ ಹಿಸ್ಟಿಡಿನ್ ತಿನ್ನಿಸಿ ಕರುಳಿನ ಉರಿಯೂತ ತಗ್ಗಿಸಿದವರು ಜಪಾನಿನಲ್ಲೇ ಇದ್ದಾರೆ. ಮನುಷ್ಯರಿಗೆ ಅದನ್ನು ಐಬಿಡಿ ಚಿಕಿತ್ಸೆಯೆಂದು ಯಾವ ವೈದ್ಯಸಂಘವೂ ಶಿಫಾರಸು ಮಾಡಿಲ್ಲ. ಕ್ರೋನ್ಸ್ ಇರುವ ಮಕ್ಕಳಿಗೆ ಕೆಲವು ವಾರ ಬೇರೆಲ್ಲ ಊಟ ಬಿಡಿಸಿ ದ್ರವಾಹಾರವನ್ನಷ್ಟೇ ಕೊಡುವ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಆದರೆ ಅದು ಪೂರ್ಣ ಆಹಾರ, ವೈದ್ಯರ ಮತ್ತು ಆಹಾರತಜ್ಞರ ಕಣ್ಗಾವಲಿನಲ್ಲಿ ಕೊಡುವಂಥದ್ದು. ಡಬ್ಬಿಯ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿದಂತಲ್ಲ. ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಕಾರಣವಿಲ್ಲದೆ ಇಳಿಯುವ ತೂಕ, ಮಕ್ಕಳಾದರೆ ನಿಂತುಹೋದ ಬೆಳವಣಿಗೆ, ಇವುಗಳಲ್ಲಿ ಯಾವುದಾದರೂ ನಾಲ್ಕಾರು ವಾರಕ್ಕೂ ಮೀರಿ ಎಳೆದರೆ ಉಷ್ಣ ಎಂದು ಮುಂದೂಡದೆ ಜೀರ್ಣಾಂಗ ತಜ್ಞರನ್ನು ಕಾಣಬೇಕು, ಕ್ಯಾಲ್‌ಪ್ರೊಟೆಕ್ಟಿನ್ ಬಗ್ಗೆ ಅವರನ್ನೇ ಕೇಳಬೇಕು.